ಗಾಯದ ನೋವು ಬೇರೆ, ನರದ ಉರಿ ಬೇರೆ

ನಾನು ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು, ಎಂ.ಟೆಕ್ ಓದಿದೋನು. ಡಾಕ್ಟರ್ ಅಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇವತ್ತಿನ ಮಾತೆಲ್ಲ ಮಾತ್ರೆ, ಗಾಯ, ನೋವಿನದ್ದೇ. ನಾನು ಹೇಳಿದ್ದನ್ನ ನಿಮ್ಮ ಡಾಕ್ಟರ್ ಹತ್ತಿರ ಕೇಳಬೇಕಾದ ಪ್ರಶ್ನೆಗಳು ಅಂತ ತಗೊಳ್ಳಿ.

ಹೋದ ಚಳಿಗಾಲದಲ್ಲಿ ನಮ್ಮ ಅಪ್ಪಾಜಿಗೆ ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಅನ್ನೋ ಸಾಧನ ಹಾಕಿಸಿದ್ವಿ. ಬೆಳಿಗ್ಗೆ ಏಳಕ್ಕೆ ಅಡ್ಮಿಟ್, ಸಂಜೆ ಏಳರ ಒಳಗೆ ಮನೆ. ಆಪರೇಷನ್ ಬಗ್ಗೆ ನಾನು ಹೆಚ್ಚು ಹೇಳಲ್ಲ, ಅದು ಡಾಕ್ಟರ್ ಕೆಲಸ, ಅವರು ಚೆನ್ನಾಗೇ ಮಾಡಿದ್ರು. ಆಮೇಲಿನ ಆರು ವಾರ ನಮ್ಮ ಕೆಲಸ. ಅದನ್ನ ಹೇಳ್ತೀನಿ.

ಅದೇ ದಿನ ಡಿಸ್ಚಾರ್ಜ್ ಅಂದ್ರೆ ಕೇಳೋಕೆ ಖುಷಿ. ನಿಜವಾದ ಅರ್ಥ ಏನಂದ್ರೆ, ವಾರ್ಡಿನ ಕೆಲಸ ನಿಮ್ಮ ಮನೆಗೆ ವರ್ಗ ಆಯ್ತು ಅಂತ. ಊರಲ್ಲಾಗಿದ್ರೆ ಚಿಕ್ಕಮ್ಮ ಬರ್ತಿದ್ರು, ಸೋದರತ್ತೆ ಬರ್ತಿದ್ರು, ಪಕ್ಕದ ಮನೆಯೋರು ಗಂಜಿ ತಂದು ಕೊಡ್ತಿದ್ರು. ಇಲ್ಲಿ ಹನ್ನೊಂದನೇ ಮಹಡಿ ಫ್ಲ್ಯಾಟು. ಅಮ್ಮ, ನಾನು, ನನ್ನ ಹೆಂಡತಿ, ಅಷ್ಟೇ. ನರ್ಸ್ ಮಾಡೋ ಕೆಲಸ ಮೂರು: ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡೋದು, ಗಾಯ ನೋಡೋದು, "ನೋವು ಎಷ್ಟಿದೆ" ಅಂತ ಕೇಳೋದು. ಮೊದಲ ಎರಡು ಅಲಾರಂ ಇಟ್ಟುಕೊಂಡು ಮಾಡಬಹುದು. ಮೂರನೇದು ಕಷ್ಟ.

ಯಾಕೆ ಕಷ್ಟ ಅಂತ ಹೇಳೋಕೆ ಮುಂಚೆ ಸಾಧನದ ಬಗ್ಗೆ ಸ್ವಲ್ಪ. ಅಪ್ಪಾಜಿ ಕೆಎಸ್‌ಆರ್‌ಟಿಸಿ ಡ್ರೈವರ್ ಆಗಿದ್ದು ದಾವಣಗೆರೆಯಲ್ಲಿ ರಿಟೈರ್ ಆದೋರು. ಸೊಂಟದ ಡಿಸ್ಕ್‌ಗೆ ಹಿಂದೆ ಒಂದು ಆಪರೇಷನ್ ಆಗಿತ್ತು. ಡಿಸ್ಕ್ ಸರಿಹೋಯ್ತು, ಎಡಗಾಲಿನ ಉರಿ ಮಾತ್ರ ಹೋಗಲೇ ಇಲ್ಲ. ಇಂಥವರಿಗೆ ಬೆನ್ನುಮೂಳೆಯ ಒಳಗೆ, ಬೆನ್ನುಹುರಿಯ ಹೊದಿಕೆಯ ಹೊರಗಿನ ಜಾಗದಲ್ಲಿ, ಸಣ್ಣ ತಂತಿ ಇಡ್ತಾರೆ. ಸೊಂಟ-ಕಾಲಿನ ನೋವಿಗೆ ಸಾಮಾನ್ಯವಾಗಿ ಅದರ ತುದಿ ಎದೆಭಾಗದ ಎಂಟು-ಒಂಬತ್ತನೇ ಮೂಳೆಯ ಹತ್ತಿರ ಬರುತ್ತೆ. ತಂತಿಯ ಇನ್ನೊಂದು ತುದಿ ಚರ್ಮದ ಕೆಳಗೇ ಹರಿದು ಪಿರ್ರೆಯ ಮೇಲ್ಭಾಗದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಯಾಟರಿಗೆ ಸೇರುತ್ತೆ. ಮೊದಲು ಸುಮಾರು ಒಂದು ವಾರ ತಂತಿಯನ್ನ ಹೊರಗೇ ಬಿಟ್ಟು ಪರೀಕ್ಷೆ ಮಾಡ್ತಾರೆ. ನೋವು ಅರ್ಧಕ್ಕಿಂತ ಕಡಿಮೆ ಆದ್ರೆ ಮಾತ್ರ ಪರ್ಮನೆಂಟ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪೈಲಟ್ ಪಾಸಾದ್ರೆ ಪ್ರೊಡಕ್ಷನ್.

ಹಿಂದಿನ ವಿಚಾರ ಸರಳ. ಮೊಣಕೈ ತಗುಲಿಸಿಕೊಂಡ ತಕ್ಷಣ ನಾವು ತಿಕ್ಕಿಕೊಳ್ತೀವಲ್ಲ, ನೋವು ಸ್ವಲ್ಪ ಇಳಿಯುತ್ತಲ್ಲ? ಬೆನ್ನುಹುರಿಯಲ್ಲಿ ಒಂದು ಗೇಟ್ ಇದ್ದ ಹಾಗೆ, ಸ್ಪರ್ಶದ ಸಂದೇಶ ನುಗ್ಗಿದ್ರೆ ನೋವಿನ ಸಂದೇಶಕ್ಕೆ ದಾರಿ ಕಿರಿದಾಗುತ್ತೆ ಅಂತ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಹೇಳಿದ್ರು. ಎರಡೇ ವರ್ಷಕ್ಕೆ, 1967ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ನಾರ್ಮನ್ ಶೀಲಿ ಅನ್ನೋ ಸರ್ಜನ್ ಇದನ್ನ ಮನುಷ್ಯರ ಮೇಲೆ ಮಾಡಿ ನೋಡಿದ್ರು. ಅದರ ಎಲೆಕ್ಟ್ರಾನಿಕ್ಸ್ ಮಾಡಿಕೊಟ್ಟಿದ್ದು ಥಾಮಸ್ ಮಾರ್ಟಿಮರ್, ಆಗಿನ್ನೂ ಇಂಜಿನಿಯರಿಂಗ್ ವಿದ್ಯಾರ್ಥಿ. ನಮ್ಮಲ್ಲಿ ಎಷ್ಟೋ ಥೀಸಿಸ್‌ಗಳು ಲೈಬ್ರರಿ ಕಪಾಟಲ್ಲಿ ನಿದ್ದೆ ಹೊಡೀತವೆ, ಅದು ಬೇರೆ ವಿಷಯ.

ಈಗ ಮುಖ್ಯ ಮಾತು. ಈ ಸಾಧನ ಕಾಲಿನ ನರದ ಉರಿಗೆ ಇರೋದು. ಅದನ್ನ ಹಾಕೋಕೆ ಬೆನ್ನಲ್ಲಿ ಒಂದು ಕಡೆ, ಪಿರ್ರೆ ಹತ್ತಿರ ಇನ್ನೊಂದು ಕಡೆ ಕೊಯ್ದಿರ್ತಾರಲ್ಲ, ಆ ಗಾಯದ ನೋವಿಗೂ ಇದಕ್ಕೂ ಸಂಬಂಧ ಇಲ್ಲ. ಬ್ಯಾಟರಿ ಎಷ್ಟೇ ಜೋರಾಗಿಟ್ಟರೂ ಹೊಲಿಗೆ ನೋವು ಹೋಗಲ್ಲ. ಇದನ್ನ ಮನೆಯವರೆಲ್ಲ, ಮುಖ್ಯವಾಗಿ ರೋಗಿ, ಆಪರೇಷನ್‌ಗೆ ಮುಂಚೆಯೇ ತಿಳ್ಕೊಂಡಿರಬೇಕು. ಪರೀಕ್ಷೆಯ ವಾರದಲ್ಲಿ ದೊಡ್ಡ ಗಾಯ ಇರಲ್ಲ, ಸೂಜಿಯಲ್ಲಿ ತಂತಿ ತೂರಿಸಿರ್ತಾರೆ ಅಷ್ಟೇ. ಆ ವಾರ ಅಪ್ಪಾಜಿ ಸೊಸೈಟಿ ಪಾರ್ಕಿನಲ್ಲಿ ಎರಡು ಸುತ್ತು ಹಾಕಿದ್ರು. ಪರ್ಮನೆಂಟ್ ಹಾಕಿದ ಮೂರನೇ ರಾತ್ರಿ ಏನು ಹೇಳಿದ್ರು ಗೊತ್ತಾ? "ಇದು ಕೆಲ್ಸ ಮಾಡ್ತಿಲ್ಲ ಕಣಪ್ಪ. ತೆಗೆಸಿಬಿಡು. ನಿನ್ನ ದುಡ್ಡು ದಂಡ ಆತು."

ಲಕ್ಷಗಟ್ಟಲೆ ಖರ್ಚಾಗಿದೆ, ಅದು ಒಂದು ಕಡೆ ಇರಲಿ. ಈ ಮನುಷ್ಯ ನಾಲ್ಕು ವರ್ಷದಿಂದ ಮಲಗಿದ ಕಡೆ ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ, ಇದೇ ಕೊನೆಯ ದಾರಿ ಅಂತ ಬಂದಿದ್ದಾರೆ. ನಾನು ಕೇಳಿದೆ, "ಅಪ್ಪಾಜಿ, ಎಲ್ಲಿ ನೋವು, ಹೆಂಗಿದೆ ನೋವು?" "ನೋವು ಅಂದ್ರೆ ನೋವು ಕಣೋ, ಹೆಂಗಂದ್ರೆ ಏನ್ ಹೇಳ್ಲಿ?"

ಆಸ್ಪತ್ರೆಯ ಸಹಾಯವಾಣಿಗೆ ಫೋನ್ ಮಾಡಿದ್ರೆ ಸೊನ್ನೆಯಿಂದ ಹತ್ತರ ಒಳಗೆ ಎಷ್ಟು ಅಂತ ಹಿಂದಿಯಲ್ಲಿ ಕೇಳ್ತಾರೆ. ಅಪ್ಪಾಜಿಗೆ ಹಿಂದಿ ಬರಲ್ಲ. ಕನ್ನಡದಲ್ಲಿ ಕೇಳಿದ್ರೂ "ತಡ್ಕೊಳ್ಳೋವಷ್ಟು ಐತೆ" ಅಂತಾರೆಯೇ ಹೊರತು ಐದು, ಆರು ಅನ್ನಲ್ಲ. ಆಗ ನನ್ನ ಹೆಂಡತಿ ಒಂದು ಕೆಲಸ ಮಾಡಿದ್ಲು. ನಂಬರ್ ಬಿಟ್ಟು ಮಾತು ಹಿಡಿದ್ಲು. "ಮಾವ, ಉರಿಯುತ್ತಾ? ಜೋಮು ಹಿಡಿದಂಗೆ ಇದೆಯಾ? ಕರೆಂಟ್ ಹೊಡೆದಂಗೆ ಕಾಲಿಗೆ ಇಳಿಯುತ್ತಾ? ಇಲ್ಲ, ಗಾಯದ ಸುತ್ತ ಬಿಗೀತಾ ಇದೆಯಾ, ಮುಟ್ಟಿದ್ರೆ ಹಸಿ ಹಸಿ ನೋವಾ?" ಅಪ್ಪಾಜಿ ಸ್ವಲ್ಪ ಹೊತ್ತು ಯೋಚಿಸಿ, "ಬಿಗಿಯಾದು, ಬೆನ್ನಾಗೆ. ಕಾಲು ಉರೀತಿಲ್ಲ" ಅಂದ್ರು. ಆಮೇಲೆ ಅವರೇ ಮತ್ತೆ, "ಹೌದಲ್ಲ, ಕಾಲು ಉರೀತಿಲ್ಲ" ಅಂದ್ರು.

ಅಂದ್ರೆ ಸಾಧನ ಕೆಲಸ ಮಾಡ್ತಾನೇ ಇತ್ತು! ನೋವು ಇದ್ದಿದ್ದು ಗಾಯದ್ದು. ನಮ್ಮ ಭಾಷೆಯಲ್ಲಿ ನೋವಿಗೆ ಇಷ್ಟೊಂದು ಮಾತಿವೆ, ಉರಿ, ಸೆಳೆತ, ಜೋಮು, ಚುಚ್ಚು, ಬಿಗಿತ, ಕುಟುಕು, ಹಸಿನೋವು. ಡಾಕ್ಟರ್‌ಗಳು ನರದ ನೋವು, ಗಾಯದ ನೋವು ಅಂತ ವಿಂಗಡಿಸೋಕೆ ಕೇಳೋ ಪ್ರಶ್ನೆಗಳಿಗೆ ಇದೇ ಉತ್ತರ. ಅವತ್ತಿಂದ ಶೀಟ್‌ನಲ್ಲಿ ಎರಡು ಕಾಲಂ ಮಾಡಿದ್ವಿ: ಬೆನ್ನಿನ ಬಿಗಿತ, ಕಾಲಿನ ಉರಿ. ಪ್ರತಿಯೊಂದಕ್ಕೂ ಇಲ್ಲ, ಸ್ವಲ್ಪ, ಜಾಸ್ತಿ, ನಿದ್ದೆ ಬರಲಿಲ್ಲ, ಇಷ್ಟೇ. ಹತ್ತನೇ ದಿನ ಪ್ರೋಗ್ರಾಮಿಂಗ್‌ಗೆ ಹೋದಾಗ ಆ ಶೀಟ್ ನೋಡಿ ಟೆಕ್ನಿಷಿಯನ್‌ಗೆ ಎಷ್ಟು ಕೆಲಸ ಸುಲಭ ಆಯ್ತು ಅಂದ್ರೆ, ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ರು. ನೀವು ಬೇರೇನು ಮರೆತರೂ ಈ ಎರಡು ಕಾಲಂ ಮರೀಬೇಡಿ.

ಇನ್ನು ಮೊದಲ ರಾತ್ರಿ. ಆಸ್ಪತ್ರೆಯಿಂದ ಹೊರಡುವಾಗ ಇರೋ ಆರಾಮು ಸಾಲದ ಆರಾಮು. ಗಾಯದ ಹತ್ತಿರ ಮರಗಟ್ಟೋ ಇಂಜೆಕ್ಷನ್ ಕೊಟ್ಟಿರ್ತಾರೆ, ಅದರ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತೆ, ಸಾಮಾನ್ಯವಾಗಿ ನಾವು ಮಲಗೋ ಹೊತ್ತಿಗೆ ಸರಿಯಾಗಿ. ಅದಕ್ಕೇ ನೋವು ಬಂದ ಮೇಲೆ ಮಾತ್ರೆ ಅಂತಲ್ಲ, ಮೊದಲ ಎರಡು ಮೂರು ದಿನ ಗಡಿಯಾರ ನೋಡಿ ಮಾತ್ರೆ. ಡಿಸ್ಚಾರ್ಜ್ ಚೀಟಿಯಲ್ಲಿ "ಎಸ್‌ಓಎಸ್" ಅಂತ ಬರೆದಿದ್ರೆ ಬೇಕಾದಾಗ ಅಂತ ಅರ್ಥ. ನಮ್ಮ ಅಪ್ಪಂದಿರ ನಿಘಂಟಿನಲ್ಲಿ "ಬೇಕಾದಾಗ" ಅಂದ್ರೆ ಯಾವತ್ತೂ ಬೇಡ! ಹಾಗಾಗಿ ಹೊರಡೋ ಮುಂಚೆನೇ ಕೇಳಿ: ಯಾವುದು ಗಂಟೆ ಪ್ರಕಾರ, ಯಾವುದು ಬೇಕಾದಾಗ, ಬೇಕಾದಾಗ ಅಂದ್ರೆ ದಿನಕ್ಕೆ ಹೆಚ್ಚೆಂದರೆ ಎಷ್ಟು.

ಲೆಕ್ಕ ಯಾಕೆ ಬೇಕು ಅಂದ್ರೆ ಪ್ಯಾರಾಸಿಟಮಾಲ್ ಬೇರೆ ಬೇರೆ ಹೆಸರಲ್ಲಿ ಅಡಗಿರುತ್ತೆ. ಡೋಲೋ 650ರಲ್ಲಿ 650 ಮಿಲಿಗ್ರಾಂ. ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ ಜೊತೆ 325. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆ 325. ನೆಗಡಿ ಮಾತ್ರೆಯಲ್ಲೂ ಇರುತ್ತೆ, ಜನವರಿಯ ದೆಹಲಿಯಲ್ಲಿ ನೆಗಡಿ ಯಾರಿಗಿಲ್ಲ? ಆರೋಗ್ಯವಂತ ದೊಡ್ಡವರಿಗೂ 24 ಗಂಟೆಗೆ 4 ಗ್ರಾಂ ಮೇಲಿನ ಮಿತಿ; ವಯಸ್ಸಾದವರಿಗೆ, ತೆಳ್ಳಗಿರೋರಿಗೆ, ಲಿವರ್ ತೊಂದರೆ ಇರೋರಿಗೆ ಡಾಕ್ಟರ್ ಇನ್ನೂ ಕಡಿಮೆ ಹೇಳ್ತಾರೆ. ಬಿಪಿ, ಕಿಡ್ನಿ ಸಮಸ್ಯೆ ಇದ್ರೆ ಐಬುಪ್ರೊಫೆನ್ ತರಹದ್ದನ್ನ ಕೇಳದೆ ಕೊಡಲೇಬೇಡಿ.

ಟ್ರಮಡಾಲ್ ಬಗ್ಗೆ ಒಂದು ಮಾತು. 2018ರಿಂದ ಅದು ನಮ್ಮ ದೇಶದ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬರುತ್ತೆ. ರಾತ್ರಿ ಹನ್ನೊಂದಕ್ಕೆ ಸೆಕ್ಟರ್ ಮಾರ್ಕೆಟ್‌ನ ಮೆಡಿಕಲ್ ಶಾಪಿಗೆ ಓಡಿಹೋಗಿ ವಾಟ್ಸ್ಆ್ಯಪ್ ಫೋಟೋ ತೋರಿಸಿದ್ರೆ ಕೊಡಲ್ಲ, ಕೊಡಲೂಬಾರದು. ಆಸ್ಪತ್ರೆ ಬಿಡೋ ಮುಂಚೆ ಅಲ್ಲೇ ತಗೊಳ್ಳಿ. ಅದು ಮಲಬದ್ಧತೆ ಮಾಡುತ್ತೆ; ಮುಕ್ಕಿದ್ರೆ ಬೆನ್ನಿನ ಹೊಲಿಗೆಗೆ ನೋವು. ಮೊದಲ ದಿನದಿಂದಲೇ ನೀರು, ಹಣ್ಣು, ಡಾಕ್ಟರ್ ಕೊಟ್ಟ ಸಿರಪ್ ಶುರು ಮಾಡಿ. ನರದ ನೋವಿಗೆ ಮೊದಲಿಂದ ಪ್ರೀಗ್ಯಾಬಲಿನ್ ತಗೊಳ್ತಿದ್ರೆ ಎರಡೂ ಸೇರಿ ತುಂಬ ಮಂಪರು ಬರಬಹುದು, ಉಸಿರಾಟ ನಿಧಾನ ಆಗಬಹುದು. ಎಬ್ಬಿಸಿದ್ರೂ ಸರಿಯಾಗಿ ಎಚ್ಚರ ಆಗದಿದ್ರೆ ಅದು ನಿದ್ದೆ ಅಲ್ಲ, ತಕ್ಷಣ ಆಸ್ಪತ್ರೆ. ಹಾಗಂತ "ಮಷೀನ್ ಬಂತಲ್ಲ" ಅಂತ ಪ್ರೀಗ್ಯಾಬಲಿನ್ ಒಂದೇ ಸಲ ನಿಲ್ಲಿಸೋದೂ ತಪ್ಪು. ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ರಕ್ತ ತೆಳು ಮಾಡೋ ಮಾತ್ರೆ ಆಪರೇಷನ್‌ಗಾಗಿ ನಿಲ್ಲಿಸಿದ್ರೆ ಮತ್ತೆ ಯಾವ ತಾರೀಖಿಗೆ ಶುರು ಅಂತ ಬರೆಸಿಕೊಳ್ಳಿ.

ಮಾತ್ರೆ ಬಿಟ್ಟು ನೋವು ಕಡಿಮೆ ಮಾಡೋದು ಅಂದ್ರೆ ಮುಖ್ಯವಾಗಿ ಮೈ ಅಲ್ಲಾಡಿಸೋ ರೀತಿ. ಬಗ್ಗಬಾರದು, ತಿರುಚಬಾರದು, ಭಾರ ಎತ್ತಬಾರದು, ಕೈ ತಲೆ ಮೇಲೆ ಚಾಚಬಾರದು. ಸಾಮಾನ್ಯವಾಗಿ ಆರರಿಂದ ಎಂಟು ವಾರ. ತಂತಿಯ ಸುತ್ತ ಗಾಯ ಕೂಡಿಕೊಂಡು ಅದು ಭದ್ರ ಆಗೋಕೆ ಅಷ್ಟು ಸಮಯ ಬೇಕು. ಅದಕ್ಕೆ ಮುಂಚೆ ತಂತಿ ಸರಿದ್ರೆ ಕಂಪನ ಕಾಲಿಗೆ ಹೋಗೋ ಬದಲು ಪಕ್ಕೆಗೆ ಹೋಗಬಹುದು. ಅಪ್ಪಾಜಿಗೆ ನಾನು ಹೇಳಿದ್ದು ಇಷ್ಟೇ: "ನೀವೀಗ ಬಸ್ಸು. ಬಸ್ಸು ನಡುವೆ ಬಳುಕಲ್ಲ, ಪೂರ್ತಿ ತಿರುಗುತ್ತೆ." ಅವರಿಗೆ ತಕ್ಷಣ ಅರ್ಥ ಆಯ್ತು. "ಬೆಂಗಳೂರಾಗೆ ಬಳುಕೋ ಬಸ್ಸೂ ಅದಾವಲ್ಲ" ಅಂತ ಒಂದು ಜೋಕೂ ಹೊಡೆದ್ರು. ಹಾಸಿಗೆಯಿಂದ ಏಳುವಾಗ ಭುಜ, ಸೊಂಟ, ಮಂಡಿ ಒಟ್ಟಿಗೆ ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳೋದು.

ಇಲ್ಲಿನ ಚಳಿಗೆ ರಜಾಯಿ ಇರುತ್ತಲ್ಲ, ಅದನ್ನ ಮಲಗಿದ ಕಡೆಯಿಂದ ಎಳ್ಕೊಳ್ಳೋದೇ ಬೆನ್ನು ತಿರುಚೋ ಕೆಲಸ. ಎರಡು ಹಗುರ ಕಂಬಳಿ ಒಳ್ಳೇದು. ಬಿಸಿನೀರಿನ ಚೀಲ ಗಾಯದ ಮೇಲಾಗಲಿ ಬ್ಯಾಟರಿ ಮೇಲಾಗಲಿ ಬೇಡ. ಡಾಕ್ಟರ್ ಒಪ್ಪಿದ್ರೆ ಐಸ್ ಪ್ಯಾಕ್, ಬಟ್ಟೆ ಸುತ್ತಿ, ಹದಿನೈದು ನಿಮಿಷ, ಬ್ಯಾಂಡೇಜ್ ಒದ್ದೆ ಆಗದ ಹಾಗೆ. ಎಣ್ಣೆ ತಿಕ್ಕೋದು ಬೇಡ, ಎಷ್ಟೇ ಪ್ರೀತಿಯಿಂದ ಅಮ್ಮ ಬಟ್ಟಲು ಹಿಡ್ಕೊಂಡು ಬಂದ್ರೂ. ಇನ್ನೊಂದು, ಯಾವ ಆಸ್ಪತ್ರೆ ಕರಪತ್ರದಲ್ಲೂ ಬರೆದಿರಲ್ಲ: ಉಡಿದಾರ. ಬ್ಯಾಟರಿ ಕೂರೋ ಜಾಗದ ಮೇಲೇ ಅದು ಉಜ್ಜುತ್ತೆ. ಪ್ಯಾಂಟಿನ ಬೆಲ್ಟೂ ಅಷ್ಟೇ. ಬ್ಯಾಟರಿ ಎಲ್ಲಿಡಬೇಕು ಅಂತ ಆಪರೇಷನ್‌ಗೆ ಮುಂಚೆ ಗುರುತು ಹಾಕ್ತಾರೆ, ಆಗಲೇ ಪಂಚೆ ಎಲ್ಲಿ ಕಟ್ತಾರೆ ಅಂತ ತೋರಿಸಿ.

ರಾತ್ರಿ ಇನ್ನೊಂದು ವಿಚಿತ್ರ ಆಗುತ್ತೆ, ಗಾಬರಿ ಬೇಡ. ಅಂಗಾತ ಮಲಗಿದ್ರೆ ಬೆನ್ನುಹುರಿ ತಂತಿಗೆ ಹತ್ತಿರ ಬರುತ್ತೆ, ಕಂಪನ ಜೋರು ಅನ್ಸುತ್ತೆ. ಎದ್ದು ನಿಂತ್ರೆ ಕಡಿಮೆ. ರಿಮೋಟ್‌ನಲ್ಲಿ ಕಡಿಮೆ ಮಾಡೋದು ರೋಗಿಗೇ ಕಲಿಸಿಕೊಡಿ, ಗುಂಡಿಗಳ ಮೇಲೆ ಕನ್ನಡ ಚೀಟಿ ಅಂಟಿಸಿ. ಕಂಪನವೇ ಗೊತ್ತಾಗದ ಸೆಟ್ಟಿಂಗ್‌ಗಳೂ ಇವೆ. ನಿಮ್ಮದು ಯಾವುದು ಅಂತ ಕೇಳ್ಕೊಳ್ಳಿ, ಇಲ್ಲದಿದ್ರೆ "ಏನೂ ಆಗ್ತಿಲ್ಲ, ಆಫ್ ಆಗೈತೆ" ಅಂತ ರಾತ್ರಿಯೆಲ್ಲ ಚರ್ಚೆ.

ಇವಿಷ್ಟು ಮನೆಯಲ್ಲಿ ಸಂಭಾಳಿಸೋವಂಥದ್ದು. ಸಂಭಾಳಿಸಬಾರದ್ದೂ ಇದೆ. ಬೆನ್ನುನೋವು ಇದ್ದಕ್ಕಿದ್ದಂತೆ ವಿಪರೀತ ಆಗಿ ಕಾಲಲ್ಲಿ ಶಕ್ತಿ ಹೋದ್ರೆ, ಮರಗಟ್ಟಿದ್ರೆ, ಮೂತ್ರ ಕಟ್ಟಿದ್ರೆ ಅಥವಾ ಗೊತ್ತಿಲ್ಲದೆ ಹೋದ್ರೆ, ಒಳಗೆ ರಕ್ತ ಸೇರಿ ಬೆನ್ನುಹುರಿ ಒತ್ತುತ್ತಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ. 112ಕ್ಕೆ ಕರೆ ಮಾಡಿ ಅಥವಾ ಕಾರಲ್ಲಿ ಹಾಕ್ಕೊಂಡು ಹೊರಡಿ, ಒಂದೊಂದು ಗಂಟೆಯೂ ಲೆಕ್ಕ. ಕೂತ್ರೆ ನಿಂತ್ರೆ ತಲೆನೋವು, ಮಲಗಿದ್ರೆ ಮಾಯ ಅಂತಾದ್ರೆ ಹೊದಿಕೆಯಿಂದ ದ್ರವ ಸೋರಿರಬಹುದು, ಅದೇ ದಿನ ಫೋನ್ ಮಾಡಿ. ಜ್ವರ, ಕೀವು, ಗಾಯದ ಸುತ್ತ ಕೆಂಪು ಹರಡೋದು, ಬ್ಯಾಟರಿ ಜಾಗದಲ್ಲಿ ಊತ ಕಂಡ್ರೂ ಆಪರೇಷನ್ ಮಾಡಿದ ತಂಡಕ್ಕೇ ಹೇಳಿ. ಪಕ್ಕದ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿ ನೀರು ತೆಗೆಸೋದು ಬೇಡ. ಹೊರಗಿನ ಸೋಂಕು ಸೀದಾ ಸಾಧನಕ್ಕೆ ಹೋಗುತ್ತೆ.

ಫಿಸಿಯೋಥೆರಪಿ ಬಗ್ಗೆ ಎಚ್ಚರ. ನಮ್ಮ ಸೆಕ್ಟರ್‌ಗಳಲ್ಲೂ ದಾವಣಗೆರೆಯಲ್ಲೂ ಬೆನ್ನುನೋವು ಅಂತ ಹೋದ್ರೆ ಶಾರ್ಟ್‌ವೇವ್ ಡಯಾಥರ್ಮಿ ಮಷೀನ್ ಪಕ್ಕದಲ್ಲೇ ಇರುತ್ತೆ. ಈ ಸಾಧನ ಇರೋರಿಗೆ ಡಯಾಥರ್ಮಿ ಯಾವತ್ತೂ ಕೂಡದು, ದೇಹದ ಯಾವ ಭಾಗಕ್ಕೂ, ಸಾಧನ ಆಫ್ ಇದ್ರೂ. ತಂತಿ ಕಾದು ನರಕ್ಕೆ ಶಾಶ್ವತ ಹಾನಿ, ಜೀವಕ್ಕೂ ಅಪಾಯ. ಅಪ್ಪಾಜಿಯ ಸಾಧನದ ಗುರುತಿನ ಚೀಟಿಯ ಹಿಂದೆ ಇದನ್ನ ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿದ್ದೀನಿ. ಅದೇ ಚೀಟಿ ಮೆಟ್ರೋದಲ್ಲೂ ಏರ್‌ಪೋರ್ಟ್‌ನಲ್ಲೂ ತೋರಿಸಿ, ಕೈಯಲ್ಲೇ ತಪಾಸಣೆ ಮಾಡಿ ಅಂತ ಕೇಳಿದ್ವಿ. ಸಿಐಎಸ್‌ಎಫ್‌ನವರು ಒಪ್ಪಿದ್ರು.

ಎಂಟನೇ ವಾರ ಊರಿಗೆ ಹೊರಟ್ರು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲೇ ಹೋಗ್ತೀನಿ ಅಂತ ಹಟ ಇತ್ತು, ಡಾಕ್ಟರ್ ವಿಮಾನ ಅಂದಿದ್ದಕ್ಕೆ ಒಪ್ಪಿದ್ರು. ಶೀಟ್‌ನಲ್ಲಿ ಬೆನ್ನಿನ ಬಿಗಿತದ ಕಾಲಂ ಐದನೇ ವಾರದಿಂದ ಖಾಲಿ. ಕಾಲಿನ ಉರಿ ಇನ್ನೂ "ಸ್ವಲ್ಪ" ಅಂತ ಬರುತ್ತೆ, ಅದರಲ್ಲೂ ಸಂಜೆ ಹೊತ್ತು; ಪೂರ್ತಿ ಹೋಗುತ್ತೆ ಅಂತ ಯಾರೂ ಮಾತು ಕೊಟ್ಟಿರಲಿಲ್ಲ. ಈಗ ಭಾನುವಾರ ಬೆಳಿಗ್ಗೆ ಬ್ಯಾಟರಿ ಚಾರ್ಜ್ ಮಾಡುವಾಗ ವೀಡಿಯೋ ಕಾಲ್ ಮಾಡ್ತಾರೆ. ಸ್ಕೂಟರ್ ಓಡಿಸೋಕೆ ಡಾಕ್ಟರ್ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಕೊಟ್ಟ ಮೇಲೂ ಓಡಿಸುವಾಗ ಸಾಧನ ಆಫ್ ಮಾಡಬೇಕು, ಕಂಪನ ಇದ್ದಕ್ಕಿದ್ದಂತೆ ಏರಿದ್ರೆ ಬ್ರೇಕ್ ಮೇಲಿನ ಕಾಲು ಬೆಚ್ಚಬಹುದು ಅಂತ. "31 ವರ್ಷ ಬಸ್ ಓಡ್ಸೀನಿ, ನಂಗೆ ಹೇಳ್ಬೇಡ" ಅಂತಾರೆ. ಕೀ ಸದ್ಯಕ್ಕೆ ಅಮ್ಮನ ಹತ್ತಿರ ಇದೆ.