ನಾಲಿಗೆ ಒಂದಾದರೆ ಸಾಕೆ?

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಕಾಯಿಲೆ ಬಿದ್ದೋರು ಡಾಕ್ಟರ ಮುಂದೆ ಬರೀ ಮೈಯನ್ನಲ್ಲ, ಮಾತನ್ನೂ ಒಪ್ಪಿಸಬೇಕು. ಆ ಮಾತೇ ಮುಟ್ಟದೆ ಹೋದರೆ? ಅಮೆರಿಕದಲ್ಲಿರುವ ಸ್ಪ್ಯಾನಿಷ್ ಮಾತಿನ ಬಡವರ ಕತೆ ಕೇಳಿ.

1970ರ ದಶಕದ ಮೊದಲ ವರ್ಷಗಳು. ಮೆಕ್ಸಿಕನ್ ಮೂಲದ ಹೆಂಗಸರು ಲಾಸ್ ಏಂಜಲೀಸಿನ ಕೌಂಟಿ ಆಸ್ಪತ್ರೆಗೆ ಹೆರಿಗೆಗೆ ಹೋದರು. ನೋವು ತಿನ್ನುತ್ತಿರುವಾಗಲೇ ಕೈಗೆ ಇಂಗ್ಲಿಷ್ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡರು. ಅದು ಇನ್ನು ಮಕ್ಕಳಾಗದಂತೆ ಮಾಡುವ ಆಪರೇಷನ್ನಿನ ಒಪ್ಪಿಗೆ! ಹತ್ತು ಮಂದಿ ಹೆಂಗಸರು ಕೋರ್ಟಿಗೆ ಹೋದರು. 1978ರಲ್ಲಿ ತೀರ್ಪು ಡಾಕ್ಟರ ಪರವಾಗಿಯೇ ಬಂತು. ಮಾತುಕತೆಯಲ್ಲಿ ಆದ ಎಡವಟ್ಟು ಅಂದುಬಿಟ್ಟ ನ್ಯಾಯಾಧೀಶ. ಇಂಥ ಜನ ಆಸ್ಪತ್ರೆಯನ್ನು ಹೇಗೆ ನಂಬ್ತಾರೆ ಹೇಳಿ?

ನ್ಯೂಯಾರ್ಕಿನ ಪೋರ್ಟೊರಿಕನ್ ಹುಡುಗರು ಸುಮ್ಮನೆ ಕೂರಲಿಲ್ಲ. ಯಂಗ್ ಲಾರ್ಡ್ಸ್ ಅಂತ ಅವರ ಸಂಘಟನೆ. 1970ರ ಜುಲೈ 14ರಂದು ಲಿಂಕನ್ ಆಸ್ಪತ್ರೆಗೆ ನುಗ್ಗಿ ವಶಪಡಿಸಿಕೊಂಡರು. ಬಡವರಿಗೆ ಮರ್ಯಾದೆಯ ಚಿಕಿತ್ಸೆ ಬೇಕೆಂದರು. ಅವರಿಗೆ ಹುರುಪು ಕೊಟ್ಟ ಬ್ಲಾಕ್ ಪ್ಯಾಂಥರ್ಸ್ ಹೆಸರನ್ನೇ 1972ರಲ್ಲಿ ಬೊಂಬಾಯಿಯ ನಮ್ಮ ದಲಿತ ಪ್ಯಾಂಥರ್ಸ್ ಹೊತ್ತರು.

ಅಲ್ಲಿ ನೂರಕ್ಕೆ ಹತ್ತೊಂಬತ್ತರಷ್ಟು ಜನ ಹಿಸ್ಪಾನಿಕರು. ಡಾಕ್ಟರಲ್ಲಿ ನೂರಕ್ಕೆ ಆರೇಳು ಮಾತ್ರ. 2017ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ ಪ್ರಕಟವಾಯಿತು. ಸ್ಪ್ಯಾನಿಷ್ ಬಲ್ಲ ಡಾಕ್ಟರ ಕಡೆಗೆ ಬದಲಾದ ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಹತೋಟಿಗೆ ಬಂದದ್ದು ಹೆಚ್ಚು ಎಂದು ಅದು ತೋರಿಸಿತು. ಭಾಷೆಗೆ ಆ ಶಕ್ತಿ ಇದೆ. ಆದರೆ ಡಾಕ್ಟರ ಜನಾಂಗ ಒಂದೇ ಆದರೆ ನಂಬಿಕೆ ಬರುತ್ತದೆಯೆ ಎಂಬುದಕ್ಕೆ ಅಧ್ಯಯನಗಳು ಒಂದೇ ಉತ್ತರ ಕೊಡುವುದಿಲ್ಲ.

ಯಾಕೆ? ನಮ್ಮ ಕತೆಯನ್ನೇ ನೋಡಿ. 1929ರ ಕಾಠಿಯಾವಾಡದ ಒಂದು ಘಟನೆಯನ್ನು ಬಾಬಾಸಾಹೇಬರು ಬರೆದಿದ್ದಾರೆ. ದಲಿತ ಮೇಷ್ಟ್ರ ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಗೆ ಕಾಲಿಡಲಿಲ್ಲ. ಅವಳನ್ನೇ ಹೊರಗೆ ತರಿಸಿದ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ. ಅವನು ಗಂಡನಿಗೆ, ಗಂಡ ಹೆಂಡತಿಗೆ. ಮುಟ್ಟಿ ನೋಡಲೇ ಇಲ್ಲ. ಆಕೆ ಸತ್ತಳು. ಒಂದೇ ನೆಲ, ಒಂದೇ ಮಾತು. ಏನು ಬಂತು?

ಅಂದರೆ ಭಾಷೆ ಬಾಗಿಲು, ಅಷ್ಟೇ. ಒಳಗೆ ಮನುಷ್ಯ ಇರಬೇಕು. ನಾಳೆ ನಿಮ್ಮಲ್ಲೊಬ್ಬರು ಡಾಕ್ಟರಾಗ್ತೀರಿ. ನಮ್ಮೋನು ಅಂತ ಜನ ನಂಬಿ ಬರ್ತಾರೆ. ಬಿಳಿ ಕೋಟು ಹಾಕಿದ ದಿನ ಕೇರಿಯ ಮಾತು ಮರೆತರೆ ಆ ನಂಬಿಕೆಯೂ ಸಾಯುತ್ತದೆ. ಓದಿ, ಡಾಕ್ಟರಾಗಿ, ಆದರೆ ಮೊದಲು ಮುಟ್ಟಿ ನೋಡೋದನ್ನ ಕಲೀರಿ.

ಜೈ ಭೀಮ್.