ಮತ ಹಾಕಿದವರ ಮುಂದಿನ ಕೆಲಸ



ಫೆಲೆಸ್ತೀನೀಯರ ಬೆನ್ನಿಗೆ ಜಗತ್ತಿನಲ್ಲಿ ಯಾರೂ ಇಲ್ಲವೆಂದು ನಮ್ಮಲ್ಲಿ ಅನೇಕರು ಮರುಗುತ್ತಾರೆ. ವಿಶ್ವಸಂಸ್ಥೆಯ ಕಡತಗಳು ಹೇಳುವುದು ಬೇರೆಯೇ ಕಥೆ.

1988ರ ಪ್ರಸಂಗವೊಂದನ್ನು ನೆನಪಿಸುತ್ತೇನೆ. ಆ ವರ್ಷ ನವೆಂಬರ್ 15ರಂದು ಅಲ್ಜೀರ್ಸ್ ನಗರದಲ್ಲಿ ಫೆಲೆಸ್ತೀನ್ ರಾಷ್ಟ್ರದ ಘೋಷಣೆಯಾಯಿತು. ಮಹಾಸಭೆಯಲ್ಲಿ ಮಾತನಾಡಲು ನ್ಯೂಯಾರ್ಕಿಗೆ ಹೊರಟ ಯಾಸಿರ್ ಅರಫಾತ್‌ರಿಗೆ ಅಮೇರಿಕ ವೀಸಾ ನಿರಾಕರಿಸಿತು. ಅತಿಥಿ ಬರಲಾಗದಿದ್ದರೆ ಸಭೆಯೇ ಅತಿಥಿ ಬರಬಲ್ಲಲ್ಲಿಗೆ ಹೋಗಲಿ ಎಂದು 154 ರಾಷ್ಟ್ರಗಳು ತೀರ್ಮಾನಿಸಿದವು. ವಿರೋಧಿಸಿದ್ದು ಎರಡೇ ರಾಷ್ಟ್ರಗಳು: ಅಮೇರಿಕ ಮತ್ತು ಇಸ್ರೇಲ್. ಡಿಸೆಂಬರ್ 13ರಂದು ಅರಫಾತ್ ಜಿನೀವಾದಲ್ಲಿ ಮಾತನಾಡಿದರು. 2025ರಲ್ಲಿ ಮಹ್ಮೂದ್ ಅಬ್ಬಾಸ್‌ರಿಗೂ ಅಮೇರಿಕ ವೀಸಾ ಕೊಡಲಿಲ್ಲ. ಈ ಸಲ ಸಭೆ ನ್ಯೂಯಾರ್ಕಿನಿಂದ ಕದಲಲಿಲ್ಲ. ಅವರ ಭಾಷಣವನ್ನು ವೀಡಿಯೋ ಮೂಲಕ ಕೇಳಿತು. ಇದನ್ನು ಸೌಕರ್ಯವೆನ್ನಬೇಕೋ ಶರಣಾಗತಿಯೆನ್ನಬೇಕೋ, ನೀವೇ ಹೇಳಿ.

ಮತಗಳಿಗಂತೂ ಬರವಿಲ್ಲ. 2012ರ ನವೆಂಬರ್ 29ರಂದು 138 ರಾಷ್ಟ್ರಗಳ ಬೆಂಬಲದಿಂದ ಫೆಲೆಸ್ತೀನಿಗೆ ಸದಸ್ಯೇತರ ವೀಕ್ಷಕ ರಾಷ್ಟ್ರದ ಸ್ಥಾನ ದೊರೆಯಿತು. ಪೂರ್ಣ ಸದಸ್ಯತ್ವದ ಪ್ರಶ್ನೆ 2024ರ ಏಪ್ರಿಲ್ 18ರಂದು ಭದ್ರತಾ ಮಂಡಳಿಗೆ ಬಂದಾಗ 15ರಲ್ಲಿ 12 ಸದಸ್ಯರು ಪರವಾಗಿದ್ದರು. ಅಮೇರಿಕದ ಒಂದು ವೀಟೋ ಆ ಹನ್ನೆರಡನ್ನೂ ನುಂಗಿತು.

ಆದರೆ ತಪ್ಪೆಲ್ಲ ವೀಟೋದ್ದು ಎಂದರೆ ಉಳಿದವರು ಸುಲಭವಾಗಿ ಪಾರಾಗುತ್ತಾರೆ. 1917ರ ಬಾಲ್ಫರ್ ಘೋಷಣೆಯ ಒಡೆಯ ಬ್ರಿಟನ್ 2025ರ ಸೆಪ್ಟೆಂಬರ್ 21ರಂದು ಫೆಲೆಸ್ತೀನನ್ನು ಮಾನ್ಯ ಮಾಡಿತು. ಸ್ವಾಗತಾರ್ಹ. ಆದರೆ ಇದೇ ಬ್ರಿಟನ್ ಅದಕ್ಕೆ ಒಂದು ವರ್ಷ ಹಿಂದೆ, ಇಸ್ರೇಲಿಗೆ ಶಸ್ತ್ರ ರಫ್ತು ಮಾಡುವ ಸುಮಾರು 350 ಪರವಾನಗಿಗಳ ಪೈಕಿ ತಡೆಹಿಡಿದದ್ದು ಮೂವತ್ತರಷ್ಟನ್ನು ಮಾತ್ರ. ಒಂದು ಕೈಯಲ್ಲಿ ಮಾನ್ಯತಾ ಪತ್ರ, ಇನ್ನೊಂದು ಕೈಯಲ್ಲಿ ಯುದ್ಧವಿಮಾನದ ಬಿಡಿಭಾಗ!

ಇನ್ನು ನಮ್ಮ ಮನೆಯ ಮಾತು. 1947ರಲ್ಲಿ ಫೆಲೆಸ್ತೀನಿನ ವಿಭಜನೆಯ ವಿರುದ್ಧ ಮತ ನೀಡಿದ್ದು ಭಾರತ. 1974ರಲ್ಲಿ ಫೆಲೆಸ್ತೀನ್ ವಿಮೋಚನಾ ಸಂಘಟನೆಯನ್ನು ಆ ಜನತೆಯ ಏಕೈಕ ನ್ಯಾಯಬದ್ಧ ಪ್ರತಿನಿಧಿಯೆಂದು ಒಪ್ಪಿದ ಪ್ರಥಮ ಅರಬ್ಬೇತರ ರಾಷ್ಟ್ರವೂ ಭಾರತವೇ. ಪಶ್ಚಿಮ ದಂಡೆಯಲ್ಲಿ ಇಸ್ರೇಲ್ ಕಟ್ಟಿದ ಗೋಡೆ ಕಾನೂನುಬಾಹಿರವೆಂದು ಅಂತಾರಾಷ್ಟ್ರೀಯ ನ್ಯಾಯಾಲಯ 2004ರಲ್ಲಿ ಅಭಿಪ್ರಾಯ ನೀಡಿದಾಗ, ಅದನ್ನು ಪಾಲಿಸಬೇಕೆಂದ 150 ರಾಷ್ಟ್ರಗಳಲ್ಲಿ ನಾವಿದ್ದೆವು. ಇಪ್ಪತ್ತು ವರ್ಷಗಳ ಬಳಿಕ, 2024ರ ಜುಲೈನಲ್ಲಿ, ಅದೇ ನ್ಯಾಯಾಲಯ ಇಸ್ರೇಲಿನ ಸ್ವಾಧೀನವೇ ಕಾನೂನುಬಾಹಿರವೆಂದಿತು. ಅದನ್ನು 12 ತಿಂಗಳೊಳಗೆ ಕೊನೆಗಾಣಿಸಬೇಕೆಂದು ಸೆಪ್ಟೆಂಬರ್ 18ರಂದು 124 ರಾಷ್ಟ್ರಗಳು ಮಹಾಸಭೆಯಲ್ಲಿ ನಿರ್ಣಯಿಸಿದವು. ಭಾರತ ತಟಸ್ಥವಾಗುಳಿಯಿತು. 2025ರ ಜೂನ್‌ನಲ್ಲಿ ಗಾಝಾದ ಕದನ ವಿರಾಮಕ್ಕಾಗಿ 149 ರಾಷ್ಟ್ರಗಳು ಮತ ನೀಡಿದಾಗಲೂ ತಟಸ್ಥ. ಅದೇ ಸೆಪ್ಟೆಂಬರ್‌ನಲ್ಲಿ ದ್ವಿರಾಷ್ಟ್ರ ಪರಿಹಾರದ ನ್ಯೂಯಾರ್ಕ್ ಘೋಷಣೆಗೆ ಮಾತ್ರ ಸಮ್ಮತಿ.

ಆ ಹನ್ನೆರಡು ತಿಂಗಳ ಗಡುವು ಮುಗಿದುಹೋಗಿದೆ. ಸ್ವಾಧೀನ ಮುಗಿದಿಲ್ಲ. ನಿಮ್ಮ ಸಂಸದರು ಮುಂದಿನ ಬಾರಿ ಊರಿಗೆ ಬಂದಾಗ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿರಿ: 2004ರಲ್ಲಿ ಎತ್ತಿದ ಕೈಯನ್ನು 2024ರಲ್ಲಿ ಇಳಿಸಿದ್ದು ಏಕೆ?