ಕಾಂಬೋಡಿಯಾದಿಂದ ಮರಳಿದ ಮೇಲೆ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಕಾಂಬೋಡಿಯಾದ ಸಿಯೆಮ್ ರೀಪ್ ಬಳಿಯ ಒಂದು ಮಕ್ಕಳ ಆಶ್ರಮದಲ್ಲಿ ನಾನು ಮೂರು ತಿಂಗಳು ಸ್ವಯಂಸೇವಕಿಯಾಗಿದ್ದೆ. ಅದರ ಬಗ್ಗೆ ಎರಡು ಮಾತು ಹೇಳಿ ಎಂದು ಅಧ್ಯಕ್ಷರು ಕೇಳಿದ್ದಾರೆ. ಅಂಕೋರ್ ವಾಟ್ ಇರುವುದು ಅಲ್ಲೇ. ಅದನ್ನು ನೋಡಲು ಬರುವ ಪ್ರವಾಸಿಗರಲ್ಲಿ ಕೆಲವರು ಅನಾಥಾಶ್ರಮವನ್ನೂ ನೋಡಿಕೊಂಡು ಹೋಗುತ್ತಾರೆ.

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ: ಪಾಪ, ಆ ಮಕ್ಕಳಿಗೆ ಯಾರೂ ಇಲ್ಲವೇ? ಇದ್ದಾರೆ. ಅಲ್ಲಿನ ಸರ್ಕಾರ ಮತ್ತು ಯುನಿಸೆಫ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಆಶ್ರಮಗಳಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿನವರಿಗೆ ತಾಯಿಯೋ ತಂದೆಯೋ ಇದ್ದರು. ಕಳಿಸಲು ಕಾರಣ ಬಡತನ, ಜೊತೆಗೆ ಅಲ್ಲಿ ಬಿಟ್ಟರೆ ಓದಾದರೂ ಸಿಗುತ್ತದೆ ಎಂಬ ಆಸೆ. ನಾನಿದ್ದ ಕಡೆ ಏಪ್ರಿಲ್‌ನ ಹೊಸ ವರ್ಷದ ಹಬ್ಬಕ್ಕೆ ಮನೆಯವರು ಬಂದು ಮಕ್ಕಳನ್ನು ಕರೆದೊಯ್ದರು. ಆ ವಾರ ಉಳಿದವರು ಆರೇ ಮಕ್ಕಳು.

ಮೊದಲ ದಿನವೇ ಅಲ್ಲಿನ ಪುಟ್ಟ ಮಕ್ಕಳು ಓಡಿಬಂದು ನನ್ನ ಕೊರಳಿಗೆ ಜೋತುಬಿದ್ದಿದ್ದರು. ಮರಳಿದಾಗ ನನ್ನ ತಂಗಿಯ ಎರಡು ವರ್ಷದ ಮಗ ನನ್ನನ್ನು ಕಂಡು ತಾಯಿಯ ದುಪಟ್ಟಾ ಹಿಂದೆ ಅವಿತುಕೊಂಡ. ನಾಲ್ಕು ದಿನ ಹತ್ತಿರ ಸುಳಿಯಲಿಲ್ಲ. ತಂಗಿಗೆ ಮುಜುಗರ, ನನಗೆ ಸಮಾಧಾನ. ತನ್ನವರು ಯಾರು, ಹೊಸಬರು ಯಾರು ಎಂದು ಅವನಿಗೆ ಗೊತ್ತು. ತಿಂಗಳಿಗೊಬ್ಬ ಅಕ್ಕ ಬಂದು ಹೋಗುವ ಕಡೆ ಮಗು ಅದನ್ನು ಕಲಿಯುವುದು ಹೇಗೆ?

ಇದು ನನ್ನ ಭಾವನೆ ಮಾತ್ರವಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು, ಚೀಟಿ ಎತ್ತಿದ ಹಾಗೆ ಆರಿಸಿ, ಸಾಕು ಕುಟುಂಬಗಳಿಗೆ ಒಪ್ಪಿಸಿ ವರ್ಷಗಟ್ಟಲೆ ಗಮನಿಸಿದರು. ಮನೆ ಸೇರಿದವರ ಬುದ್ಧಿ, ಮಾತು, ಒಬ್ಬರನ್ನು ನಂಬುವ ಗುಣ ಸುಧಾರಿಸಿತು. ಎರಡು ವರ್ಷ ತುಂಬುವ ಮೊದಲೇ ಸೇರಿದವರಲ್ಲಿ ಇನ್ನೂ ಹೆಚ್ಚು. 2004ರಲ್ಲಿ ಆ ದೇಶ ಎರಡು ವರ್ಷದೊಳಗಿನ ಮಕ್ಕಳನ್ನು ಸಂಸ್ಥೆಗೆ ಸೇರಿಸುವುದನ್ನು, ತೀವ್ರ ಅಂಗವೈಕಲ್ಯದ ಸಂದರ್ಭ ಬಿಟ್ಟು, ಕಾನೂನಿನಿಂದಲೇ ತಡೆಯಿತು.

ನಮ್ಮಲ್ಲಿ ಯತೀಮ್ ಎಂದರೆ ತಂದೆಯನ್ನು ಕಳೆದುಕೊಂಡ ಮಗು. ತಾಯಿ ಇರಬಹುದು, ಅಜ್ಜಿ ಇರಬಹುದು. ಆದರೂ ಯತೀಮ್‌ಖಾನೆಗೆ ಕೋಣೆ ಕಟ್ಟಿಸಲು ಹಣ ಬೇಗ ಕೂಡುತ್ತದೆ. ಕೋಣೆಗೆ ಹೆಸರು ಕೆತ್ತಿಸಬಹುದು, ವಿಧವೆಯ ಮನೆ ಬಾಡಿಗೆಗೆ ಕೆತ್ತಿಸಲಾಗದು. ದಾನಿಗಳು ಬೇಸರ ಮಾಡಿಕೊಳ್ಳಬಾರದು. ಈ ವಿದ್ಯಾರ್ಥಿವೇತನ ನನಗೆ ಇಷ್ಟವಾಗಿದ್ದು ಮಗು ಮನೆಯಲ್ಲಿದ್ದೇ ಓದುತ್ತದೆ ಎಂಬ ಕಾರಣಕ್ಕೆ.

ತಾಯಂದಿರಿಗೆ ಇನ್ನೊಂದು ವಿಷಯ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಮನೆಯಲ್ಲಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಪರಿತ್ಯಕ್ತೆಯಾಗಿದ್ದರೆ ಕೇಳಬಹುದು. ವಾರ್ಷಿಕ ಆದಾಯದ ಮಿತಿ ಹಳ್ಳಿಗೆ 72,000, ಪಟ್ಟಣಕ್ಕೆ 96,000 ರೂಪಾಯಿ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಬರೆಯಲು ಕಷ್ಟವಾದವರು ಊಟದ ನಂತರ ಬಾಗಿಲ ಪಕ್ಕದ ಮೇಜಿಗೆ ಬನ್ನಿ. ಅಸರ್ ನಮಾಜಿನವರೆಗೆ ನಾನು ಅಲ್ಲೇ ಕುಳಿತಿರುತ್ತೇನೆ.